ಎರಡು ಹಲ್ಲು ಬಂದ ಮೇಲೆ ಒಯ್ಯಿರಿ

ಕುರಿಯ ವಯಸ್ಸನ್ನು ಮಾರುವವನ ಬಾಯಿಂದ ಕೇಳಬಾರದು, ಕುರಿಯ ಬಾಯಿ ತೆಗೆದು ನೋಡಬೇಕು. ಎಡಗೈಯಲ್ಲಿ ಗದ್ದ ಹಿಡಿದು, ಬಲಗೈ ಹೆಬ್ಬೆರಳನ್ನು ಬಾಯಿಯ ಮೂಲೆಯಲ್ಲಿ ಹಲ್ಲಿಲ್ಲದ ಸಂದಿಗೆ ಒತ್ತಿದರೆ ಎಂಥ ಹಟಮಾರಿ ಕುರಿಯೂ ಬಾಯಿ ಬಿಡುತ್ತದೆ. ಕೆಳಗಿನ ಸಾಲಿನಲ್ಲಿ ಅಕ್ಕಿಕಾಳಿನಂಥ ಹಾಲುಹಲ್ಲುಗಳೇ ಇದ್ದರೆ ಅದಿನ್ನೂ ಮರಿ. ನಡುವಿನ ಎರಡು ಬಿದ್ದು ಅಲ್ಲಿ ಅಗಲವಾದ ಎರಡು ಹಲ್ಲು ಬಂದಿದ್ದರೆ ಮಾರಾಟಕ್ಕೆ ಸಿದ್ಧವಾದ ಮಾಲು. ನಾವು ಅದಕ್ಕೆ ‘ಎರಡಲ್ಲಿಂದು’ ಅನ್ನುತ್ತೇವೆ. ಇಷ್ಟು ಕಲಿತುಕೊಳ್ಳಿ, ಸಂತೆಯಲ್ಲಿ ನಿಮಗೆ ಯಾರೂ ಮೋಸ ಮಾಡಲಾರರು.

ನನಗೂ ಯಾರೂ ಮೋಸ ಮಾಡಲಿಲ್ಲ. ನಮ್ಮೂರು ಸುರಪುರಕ್ಕೂ ಶಹಾಪುರಕ್ಕೂ ನಡುವೆ, ರಸ್ತೆಯಿಂದ ಸ್ವಲ್ಪ ಒಳಗೆ. ಹಗಲೆಲ್ಲ ಗಂಡ ಹಿಂಡಿನ ಜೊತೆ ಹೊರಗೆ. ಕೊಡುವುದು ತಗೊಳ್ಳುವುದು ನನ್ನದು. ಶಹಾಪುರದ ಸಂತೆಯಲ್ಲಿ ಬೆಲೆಯನ್ನು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಮಾತಾಡುತ್ತಾರೆ, ಪಕ್ಕದವನಿಗೆ ಗೊತ್ತಾಗಬಾರದೆಂದು. ಮೊದಲ ಸಲ ಹೋದಾಗ ಒಬ್ಬನೂ ನನ್ನತ್ತ ಟವೆಲ್ ಚಾಚಲಿಲ್ಲ. ಹೆಂಗಸಿನ ಬೆರಳು ಹಿಡಿದು ಸೌದಾ ಮಾಡುವುದೇ ಎಂದು ಮುಖ ತಿರುಗಿಸಿದರು. “ಟವೆಲ್ ಬ್ಯಾಡ್ರಿ, ನಾ ಒದರಿ ಹೇಳ್ತೀನಿ, ಎಲ್ಲಾರೂ ಕೇಳ್ಲಿ” ಎಂದು ಗಂಟಲು ಸರಿಮಾಡಿಕೊಂಡೆ. ಟವೆಲ್ ತಾನಾಗಿಯೇ ಬಂತು. ಆವತ್ತಿನಿಂದ ನನ್ನ ನಾಲಗೆಯನ್ನು ನಾನೇ ತಿದ್ದಿ ತೀಡಿಕೊಂಡೆ ಎಂಬ ಹಮ್ಮು ನನಗೆ. ಆ ಹಮ್ಮು ಎಲ್ಲಿ ಮುರಿಯಿತೆಂದು ಮುಂದೆ ಹೇಳುತ್ತೇನೆ.

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಹುಟ್ಟಿದ ಮೇಲೆ ಒಂದು ಗಂಡುಕೂಸು ಬಂದು ಉಳಿಯಲಿಲ್ಲ. ಅದಕ್ಕೇ ಚಿಕ್ಕವಳು ಹುಟ್ಟಿದಾಗ ನಮ್ಮತ್ತೆ ನಮ್ಮ ಕಡೆಯ ಶಾಸ್ತ್ರ ಮಾಡಿದಳು. ಕೂಸನ್ನು ಮೊರದಲ್ಲಿ ಮಲಗಿಸಿ ಹೊರಗಿನವರೊಬ್ಬರಿಗೆ ಮಾರಿದಂತೆ ಮಾಡುವುದು, ಆಮೇಲೆ ಒಂದು ಸೇರು ತೌಡು ಕೊಟ್ಟು ವಾಪಸು ಕೊಂಡುಕೊಳ್ಳುವುದು. ಕೊಂಡ ಕೂಸು ನಮ್ಮದಲ್ಲವಲ್ಲ, ಹಾಗಾಗಿ ನಮ್ಮ ಮನೆಯ ಕೆಟ್ಟ ಗಳಿಗೆ ಅದಕ್ಕೆ ತಾಕುವುದಿಲ್ಲ ಎಂಬ ಲೆಕ್ಕ. ಆ ಬೆಳಗ್ಗೆ ಅಂಗಳದಲ್ಲಿ ಇದ್ದವನು ಶಹಾಪುರದ ಕುರಿ ವ್ಯಾಪಾರಿ, ನಮ್ಮ ಹಳೆಯ ಗಿರಾಕಿ. ಮೊರ ಅವನ ಕೈಗೇ ಹೋಯಿತು. ಅವನು ಕೂಸನ್ನು ಹಿಡಿದು, ನಗುತ್ತ, ತೌಡು ತಗೊಂಡು ವಾಪಸು ಕೊಟ್ಟ. ಕೂಸು ಉಳಿಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವನು ಬಂದಾಗಲೆಲ್ಲ ಅದೇ ಮಜಾಕು.

“ಏನಬೇ ತಂಗಿ, ನನ್ನ ಮಾಲು ಯಾವಾಗ ಒಯ್ಲಿ?”

“ಇನ್ನೂ ಹಾಲಲ್ಲು ಅದಾವ್ರಿ ಸಾವ್ಕಾರ. ಎರಡಲ್ಲು ಬರ್ಲಿ, ಆಗ ಒಯ್ರಿ.”

“ಆಗ ರೇಟ್ ಏರಸ್ಬ್ಯಾಡ ಮತ್ತ!”

“ಮೇವು ಹಾಕಿ ಬೆಳಸ್ದಾಕಿ ನಾನು. ಏರಸ್ಲಾರ್ದ ಬಿಡ್ತೀನೇನು?”

ಅಂಗಳವೆಲ್ಲ ನಗುತ್ತಿತ್ತು. ದೊಡ್ಡವಳು ಸಣ್ಣವಳಿದ್ದಾಗ ಅವಳಿಗೂ ಇದೇ ಮಾತು ಅಂದದ್ದುಂಟು. ಅವಳು ಸೊಂಟದ ಮೇಲೆ ಕೈ ಇಟ್ಟು, “ಈಗ್ಲೇ ಕರ್ಕೊಂಡು ಹೋಗ್ರಿ ಕಾಕಾ, ಶಾಪುರದಾಗ ಜಿಲೇಬಿ ಕೊಡಸ್ರಿ. ತಿಂದು ಸಂಜಿಗಿ ಬರ್ತೀನಿ” ಅನ್ನುತ್ತಿದ್ದಳು. ಚಿಕ್ಕವಳು ನನ್ನ ಸೀರೆಯ ಹಿಂದೆ ನಿಂತು ವ್ಯಾಪಾರಿಯ ಹೆಗಲ ಮೇಲಿನ ಟವೆಲ್ಲನ್ನೇ ನೋಡುತ್ತಿದ್ದಳು. ನಾಚಿಕೆ ಅಂದುಕೊಂಡೆವು.

ಚಿಕ್ಕವಳನ್ನು ಸಾಲಿಗೆ, ಒಂದನೇ ಇಯತ್ತೆಗೆ ಹಾಕಿದೆವು. ಮೊದಲಿಗೆ ಮೆಲ್ಲಗೆ ಮಾತಾಡುತ್ತಿದ್ದಳಂತೆ. ಕೆಲವು ತಿಂಗಳಾದ ಮೇಲೆ ಟೀಚರ್ ನನ್ನನ್ನು ಸಾಲಿಗೆ ಕರೆಸಿದಳು. ಮಗಳು ನನ್ನ ಕೈ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

“ಅಕ್ಕಾರ, ನಿಮ್ಮ ಹುಡುಗಿ ಹಾಜರಿಗೂ ಬಾಯಿ ಬಿಡಂಗಿಲ್ಲ. ಕೈ ಎತ್ತತಾಳ, ಅಷ್ಟ. ಮೂಕಿ ಅದಾಳೇನ್ರಿ?”

“ಮೂಕಿ? ಮನಿಗಿ ಬಂದು ನೋಡ್ರಿ. ಆಕಿ ಮಾತಿಗಿ ನಮ್ಮ ಕಿವಿ ತೂತು ಬಿದ್ದಾವ.”

“ಸಾಲ್ಯಾಗ ಒಂದು ಮಾತೂ ಇಲ್ರಿ. ನಾ ಹೆಂಗ ಪಾಸ್ ಮಾಡ್ಲಿ? ಯಾದಗಿರಿ ಡಾಕ್ಟರ್ ಕಡಿ ತೋರಿಸಿ ಸರ್ಟಿಫಿಕೇಟ್ ತರ್ರಿ. ಮಾತು ಬರಂಗಿಲ್ಲಂದ್ರ ಕಲಬುರಗಿ ಕಡಿ ಅಂಥ ಮಕ್ಕಳ ಸಾಲಿ ಅದಾವ. ಅಲ್ಲೇ ಇಟ್ಕೋತಾರ.”

ನಾನು ವ್ಯವಹಾರದವಳು. ಕೇಳಿಯೇಬಿಟ್ಟೆ: “ಊಟ, ಬಟ್ಟಿ ಎಲ್ಲಾ ಅವರದೇನ್ರಿ? ಯಾವಾಗ ಒಯ್ತಾರ?” ನನ್ನ ಬೆರಳು ಹಿಡಿದಿದ್ದ ಪುಟ್ಟ ಕೈ ತಣ್ಣಗಾಯಿತು. ಮಳೆಯ ಥಂಡಿಗೆ ಅಂದುಕೊಂಡೆ.

ಮನೆಯಲ್ಲಿ ಅತ್ತೆಯ ತೀರ್ಪು ಸಿದ್ಧವಾಗಿತ್ತು. “ರಕ್ತ ಬೇ ಅದು. ನನ್ನ ನಾದಿನಿ ಹಿಂಗೇ ಇದ್ದಳು. ಮಂದಿ ಕಂಡ್ರ ಕಂಬದ ಹಿಂದ. ನೀ ಏನು ಮಾಡಿದ್ರೂ ಹೋಗಂಗಿಲ್ಲ.”

“ರಕ್ತ ಅಂದ್ರ ದೊಡ್ಡಾಕಿ ಯಾಕ ಹಂಗಿಲ್ಲ? ಒಂದೇ ಹೊಟ್ಟಿ, ಒಂದೇ ಹಾಲು. ಬೆಳಸೂದ್ರಾಗ ಅದ ಎಲ್ಲಾ. ಆಡಿನ ಮೊಲಿ ಕುಡದ ಆ ಮರಿ ನೆನಪಿಲ್ಲೇನು?”

ನಮ್ಮಲ್ಲೊಂದು ತಬ್ಬಲಿ ಕುರಿಮರಿ ಇತ್ತು. ತಾಯಿ ಸತ್ತಿತೆಂದು ಆಡಿನ ಹಾಲಿಗೆ ಬಿಟ್ಟಿದ್ದೆವು. ಅದು ಬೆಳೆದು, ಕುರಿಯೆಂಬುದನ್ನೇ ಮರೆತು, ಆಡಿನ ಹಾಗೆ ಹಿಂಗಾಲ ಮೇಲೆ ನಿಂತು ಜಾಲಿಸೊಪ್ಪು ಎಳೆಯುತ್ತಿತ್ತು. ನೋಡಿದವರೆಲ್ಲ ನಗುತ್ತಿದ್ದರು. ಅತ್ತೆ ಎಲೆ ಅಡಿಕೆ ಜಗಿಯುತ್ತ ಅಂದಳು: “ಆ ಮರಿ ನಾಯಿ ಬಂದ ದಿನ ಏನು ಮಾಡ್ತು, ಅದನ್ನೂ ಹೇಳು.” ಅದು ನಿಜ. ನಾಯಿ ಬೊಗಳಿದಾಗ ಆಡುಗಳೆಲ್ಲ ಚದುರಿ ಬಂಡೆ ಹತ್ತಿದವು. ಅದೊಂದು ಮಾತ್ರ ಓಡಿಬಂದು ಕುರಿಗಳ ನಡುವೆ ತಲೆ ತೂರಿಸಿ ನಿಂತುಬಿಟ್ಟಿತು. ಯಾರೂ ಕಲಿಸಿರಲಿಲ್ಲ. ಆದರೂ ಆವತ್ತು ನಾನು ಸೋಲು ಒಪ್ಪಲಿಲ್ಲ. ಇಬ್ಬರೂ ಅರ್ಧರ್ಧ ಸರಿ ಇದ್ದೆವು. ಅರ್ಧ ಸರಿ ಇರುವವರ ಜಗಳ ಮುಗಿಯುವುದೇ ಇಲ್ಲ.

ಯಾದಗಿರಿಗೆ ಹೊರಟೆವು. ಬಸ್ಸಿನಲ್ಲಿ ಅವಳು ಕಿಟಕಿಗೆ ಅಂಟಿ ಕೂತಿದ್ದಳು. ಕಾಲುವೆ ಕಡೆಯ ಹಸಿರು ಗದ್ದೆಗಳು ಬಂದಾಗಲೂ ಒಂದು ಪ್ರಶ್ನೆ ಇಲ್ಲ. ಮಾಮೂಲಿಯಾಗಿ “ಅದೇನು, ಇದೇನು” ಎಂದು ತಲೆ ತಿನ್ನುವವಳು. ಕೆಲವು ದಿನಗಳಿಂದ ಮನೆಯಲ್ಲೂ ತುಟಿ ಬಿಗಿಹಿಡಿದೇ ಮಾತಾಡುತ್ತಿದ್ದಳು, ನಗುವಾಗ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ನಾನು ಕಂಡಿದ್ದೆ, ನೋಡಿರಲಿಲ್ಲ.

ಡಾಕ್ಟರ್ ಹೆಂಗಸು, ಮಕ್ಕಳನ್ನು ನೋಡುವವರು. ಗಂಟಲು ನೋಡಲು ಸಣ್ಣ ಬ್ಯಾಟರಿ ತೆಗೆದು, “ಆ ಅನ್ನು ಪುಟ್ಟಿ” ಅಂದರು. ಇವಳು ಹಲ್ಲು ಕಚ್ಚಿದಳು. ಮತ್ತೊಮ್ಮೆ ಕೇಳಿದರು. ಇಲ್ಲ. ಹೊರಗೆ ಸರದಿಯವರು ಕಾಯುತ್ತಿದ್ದಾರೆ, ನನಗೆ ವಾಪಸು ಬಸ್ಸಿನ ಚಿಂತೆ. ಆಗ ನನ್ನ ಕೈ ತನ್ನ ಕಸುಬು ಮಾಡಿತು. ಎಡಗೈ ಗದ್ದಕ್ಕೆ ಹೋಯಿತು, ಬಲಗೈ ಹೆಬ್ಬೆರಳು ಬಾಯಿಯ ಮೂಲೆಗೆ. ಒತ್ತಿದೆ. ಬಾಯಿ ತೆರೆಯಿತು.

ಕೆಳಗಿನ ಸಾಲಿನ ನಡುವೆ ಹೊಸದಾಗಿ ಬಂದ ಎರಡು ಅಗಲ ಹಲ್ಲು.

ಅವಳ ಹಲ್ಲು ಬಿದ್ದದ್ದೇ ನನಗೆ ಗೊತ್ತಿರಲಿಲ್ಲ! ನಮ್ಮಲ್ಲಿ ಮಗುವಿನ ಹಲ್ಲು ಬಿದ್ದರೆ ಸೆಗಣಿಯಲ್ಲಿ ಮುಚ್ಚಿ ಸೂರಿನ ಮೇಲೆ ಎಸೆಯುತ್ತೇವೆ, ಮನೆಯೆಲ್ಲ ಗದ್ದಲ. ಇವಳದು ಎರಡು ಬಿದ್ದು, ಎರಡು ಬಂದು ಕೂತಿವೆ, ಸುದ್ದಿಯೇ ಇಲ್ಲ. ಅಚ್ಚರಿಯಿಂದ ಅವಳ ಮುಖ ನೋಡಿದೆ. ಆ ಕಣ್ಣು! ಸಂತೆಯಲ್ಲಿ ಕಾಲು ಕಟ್ಟಿ ಮಲಗಿಸಿದ ಪ್ರಾಣಿಯ ಕಣ್ಣು ಹಾಗಿರುತ್ತದೆ. ಕುರ್ಚಿಯಿಂದ ಉಚ್ಚೆ ಇಳಿದು ನೆಲಕ್ಕೆ ಹರಿಯಿತು. “ಬಿಡಿ, ಬಿಡಿ ಅಮ್ಮ, ಕೈ ತೆಗೀರಿ!” ಎಂದು ಡಾಕ್ಟರ್ ಕೂಗಿದಾಗಲೇ ನನ್ನ ಹೆಬ್ಬೆರಳು ಇನ್ನೂ ಅಲ್ಲಿಯೇ ಇದೆ ಎಂದು ತಿಳಿದದ್ದು.

ಡಾಕ್ಟರ್ ಬೈಯಲಿಲ್ಲ. ಮಗುವಿನ ಬಟ್ಟೆ ಒರೆಸಿ, ಆಯಮ್ಮನ ಜೊತೆ ಹೊರಗೆ ಕೂರಿಸಿ, ನನ್ನನ್ನು ಕೇಳಿದರು. ಮನೆಯಲ್ಲಿ ಮಾತಾಡುತ್ತಾಳಾ? ಹೌದು. ಹಾಗಾದರೆ ಇವಳು ಮೂಕಿ ಅಲ್ಲ, ಸರ್ಟಿಫಿಕೇಟು ಕೊಡುವುದಿಲ್ಲ ಅಂದರು. “ಕೆಲವು ಮಕ್ಕಳು ಹುಟ್ಟುತ್ತಲೇ ಬೇಗ ಬೆದರುತ್ತವೆ. ಅದು ಮನೆತನದಲ್ಲಿ ಹರಿದು ಬಂದಿರುತ್ತದೆ, ಕಣ್ಣಿನ ಬಣ್ಣ ಬಂದ ಹಾಗೆ. ಆದರೆ ಬೆದರುವ ಸ್ವಭಾವ ಒಂದೇ ಬಾಯಿ ಮುಚ್ಚಿಸುವುದಿಲ್ಲ. ಮೇಲೆ ಏನೋ ಬಿದ್ದಿದೆ. ನಿಮ್ಮ ಕಡೆ ಯಾರಾದರೂ ಹೀಗೆ ಇದ್ದರಾ?” “ನಮ್ಮ ಕಡಿ ಯಾರೂ ಇಲ್ರಿ, ಎಲ್ಲಾ ಗಂಡನ ಕಡಿ” ಎಂದು ಥಟ್ಟನೆ ಹೇಳಿದೆ.

ಬಸ್ ನಿಲ್ದಾಣದಲ್ಲಿ ಕಲ್ಲುಬೆಂಚಿನ ಮೇಲೆ ಕೂತೆವು. ಮಂಡಕ್ಕಿ ಕೊಡಿಸಿದೆ, ಮುಟ್ಟಲಿಲ್ಲ. ಬಹಳ ಹೊತ್ತಿನ ಮೇಲೆ ನನ್ನ ಕಡೆ ನೋಡದೆ, ತುಟಿ ಅಲ್ಲಾಡಿಸದ ಹಾಗೆ ಕೇಳಿದಳು:

“ಅವ್ವಾ, ಸೌದಾ ಆತೇನು?”

“ಯಾವ ಸೌದಾ?”

“ನಂದು. ಆ ಡಾಕ್ಟರ್ ನನ್ನ ಹಲ್ಲು ನೋಡಿದಳಲ್ಲ.”

ಕೈಯಲ್ಲಿದ್ದ ಮಂಡಕ್ಕಿಯ ಪೊಟ್ಟಣ ಜಾರಿ ಕಾಳೆಲ್ಲ ನೆಲಕ್ಕೆ ಬಿತ್ತು. ಯಾರೋ ತುಳಿದುಕೊಂಡು ಹೋದರು. ನಾನು ಕೇಳುತ್ತ ಹೋದೆ, ಅವಳು ಒಂದೊಂದೇ ಹೇಳಿದಳು. ತಾನು ಹುಟ್ಟಿದಾಗ ಒಮ್ಮೆ ಮಾರಿದ್ದರು, ಅಜ್ಜಿಯೇ ಹೇಳಿದ್ದಾಳೆ. ಹಾಲುಹಲ್ಲು ಇರುವತನಕ ಒಯ್ಯುವಂತಿಲ್ಲ, ಅವ್ವನೇ ಹೇಳಿದ್ದಾಳೆ. ಕೆಳಗಿನ ಹಲ್ಲು ಅಲ್ಲಾಡತೊಡಗಿದಾಗ ನಾಲಗೆಯಿಂದ ಒತ್ತಿ ಒತ್ತಿ ಹಿಡಿದಳಂತೆ. ಆದರೂ ಬಿದ್ದವು. ಕುರಿದೊಡ್ಡಿಯ ಗೋಡೆಯ ಸಂದಿನಲ್ಲಿ ತುರುಕಿದಳು. ಹೊಸ ಹಲ್ಲು ತುದಿ ತೋರಿಸಿದ ವಾರದಲ್ಲೇ ಸಾಲಿಗೆ ಯಾರೋ ಬಂದು ಸಾಲಾಗಿ ನಿಲ್ಲಿಸಿ ಎಲ್ಲ ಮಕ್ಕಳ ಹಲ್ಲು ನೋಡಿ ಬರೆದುಕೊಂಡರು. ಆರೋಗ್ಯ ತಪಾಸಣೆ ಅದು. ಇವಳು ಸಂಡಾಸಿನಲ್ಲಿ ಅಡಗಿದಳು. ಅಂದಿನಿಂದ ಸಾಲಿಯಲ್ಲಿ ಬಾಯಿ ತೆರೆದೇ ಇಲ್ಲ.

“ನನಗ್ಯಾಕ ಹೇಳಲಿಲ್ಲವ್ವ?”

“ಹೇಳಿದ್ರ ನಿನಗ ಗೊತ್ತಾಗ್ತಿತ್ತಲ್ಲ, ಹಲ್ಲು ಬಂದಾವಂತ.”

ನೂರು ಮಂದಿಯ ನಡುವೆ ನಿಂತು ಬೆಲೆ ಇಳಿಸಿದವಳು ನಾನು. ಆ ಬೆಂಚಿನ ಮೇಲೆ ಅವಳು ಹೇಳಿದ್ದನ್ನು ಬೆರಳು ಮಡಿಚಿ ಮತ್ತೆ ಎಣಿಸಿದೆ. ಅವಳ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ, ನೋಡಿ. ನಾನು ಕಲಿಸಿದ ಲೆಕ್ಕವೇ ಅದು.

ಮನೆಗೆ ಬಂದು ಹೇಳಿದಾಗ ಅತ್ತೆಯ ಬಾಯಲ್ಲಿದ್ದ ಎಲೆ ಹಾಗೆಯೇ ನಿಂತಿತು. “ಆಕಿ ಉಳೀಲಿ ಅಂತ ಮಾಡ್ದೆ ಬೇ” ಎಂದು ಅಳತೊಡಗಿದಳು. ದೊಡ್ಡವಳು ಬೆರಗಾಗಿ ನಿಂತಳು: “ನನಗೂ ಹಂಗೇ ಅಂತಿದ್ರಿ. ನಂಗೇನೂ ಆಗ್ಲಿಲ್ಲ!” ಅದೇ ಮಾತು, ಅದೇ ಅಂಗಳ, ಅದೇ ನಗು. ಒಬ್ಬಳ ಮೈಮೇಲೆ ನೀರಿನ ಹಾಗೆ ಜಾರಿತು, ಇನ್ನೊಬ್ಬಳಿಗೆ ಜಾಲಿಮುಳ್ಳಿನ ಹಾಗೆ ಚುಚ್ಚಿ ಒಳಗೇ ಮುರಿದು ಉಳಿಯಿತು. ನಾವು ಮೇಲೆ ಮೇಲೆ ಕೈಯಾಡಿಸಿ ಎಲ್ಲ ನುಣ್ಣಗಿದೆ ಅಂದುಕೊಂಡಿದ್ದೆವು.

ಎಲ್ಲಕ್ಕೂ ತಕ್ಷಣ ಒಂದು ದಾರಿ ಹುಡುಕುವುದು ನನ್ನ ಸ್ವಭಾವ. ಸೌದಾ ಇದೆ ಎಂದು ಮಗು ನಂಬಿದೆ, ಹಾಗಾದರೆ ಸೌದಾ ಮುರಿಯೋಣ! ಫೋನ್ ಮಾಡಿ ವ್ಯಾಪಾರಿಯನ್ನು ಕರೆಸಿದೆ. ವಿಷಯ ಕೇಳಿ ಅವನು ಕಟ್ಟೆಯ ಮೇಲೆ ಕುಸಿದು ಕೂತ. “ನಾನೇನಬೇ? ನನ್ನ ಸಲುವಾಗೇನು ಈ ಕೂಸು ಮಾತು ಬಿಟ್ಟಾಳ?” ಎಂದು ಎರಡು ಮೂರು ಸಲ ಕೇಳಿದ. ಆಮೇಲೆ ನಾನು ಹೇಳಿಕೊಟ್ಟಂತೆ ಅವಳ ಮುಂದೆ ಕೂತು, “ತಾಯೀ, ನಾ ನಿನ್ನ ಒಯ್ಯಂಗಿಲ್ಲ. ಸೌದಾ ಮುರೀತು ನೋಡು” ಎಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

ಅವನಿಗೆ ಚಹಾ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಮಗು ಇಲ್ಲ. ಬಾವಿಯ ಕಡೆ ಓಡಿದೆವು, ರಸ್ತೆಯ ಕಡೆ ಓಡಿದೆವು. ವ್ಯಾಪಾರಿ ಚಪ್ಪಲಿ ಬಿಟ್ಟು ಹೊಲದಲ್ಲಿ ಕೂಗುತ್ತ ತಿರುಗಿದ. ಸಂಜೆ ದೊಡ್ಡಿಗೆ ಬಂದ ಹಿಂಡಿನಲ್ಲಿ ಅವಳು ಸೇರಿಕೊಂಡಿದ್ದನ್ನು ಅತ್ತೆಯೇ ಕಂಡಳು. ಒತ್ತೊತ್ತಾಗಿ ನಿಂತ ಕುರಿಗಳ ನಡುವೆ ಮೊಣಕಾಲೂರಿ, ಒಂದರ ಹೊಟ್ಟೆಗೆ ತಲೆ ತೂರಿಸಿ, ಲಂಗದ ತುದಿಯನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಅತ್ತೆ ನನ್ನ ಮುಖ ನೋಡಿದಳು. ಇಬ್ಬರಿಗೂ ಅದೇ ತಬ್ಬಲಿ ಮರಿ ನೆನಪಾಗಿತ್ತು.

ಡಾಕ್ಟರಿಗೆ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರು ಅಂದರು: “ಸೌದಾ ಮುರೀತು ಅಂದರೆ, ಸೌದಾ ಇತ್ತು ಅಂತಲೇ ಅಲ್ಲವೇನಮ್ಮ?”

ನನಗೆ ಇನ್ನೊಂದು ಪೆಟ್ಟು ಸುರಪುರದಲ್ಲಿ ಕಾದಿತ್ತು. ನನ್ನವ್ವ ಅಲ್ಲಿ ಅಣ್ಣನ ಮನೆಯಲ್ಲಿರುತ್ತಾಳೆ. ಮಗಳ ಕಥೆ ಹೇಳಿ, “ನಮ್ಮ ಕಡಿ ಯಾರೂ ಹಂಗಿಲ್ಲಲ್ಲವ್ವ?” ಅಂದೆ, ಹೌದೆನ್ನಲಿ ಎಂದೇ. ಅವಳು ಜೋಳ ಹಸನು ಮಾಡುತ್ತಿದ್ದ ಕೈ ನಿಲ್ಲಿಸಿದಳು.

“ನಾ ಎಂದಾರ ಅಂಗಡಿಗಿ ಹೋಗಿದ್ದು ನೋಡಿಯೇನು?”

ನೋಡಿರಲಿಲ್ಲ. ಉಪ್ಪಿನಿಂದ ಬಳೆಯವರೆಗೆ ಎಲ್ಲದಕ್ಕೂ ನನ್ನನ್ನೇ ಕಳಿಸುತ್ತಿದ್ದಳು. ಬಳೆಗಾರ ಬಂದರೆ ಕದದ ಹಿಂದಿನಿಂದ ಕೈಯಷ್ಟೇ ಚಾಚುತ್ತಿದ್ದಳು. ಮರ್ಯಾದೆಯ ಹೆಂಗಸು ಎಂದು ಊರೆಲ್ಲ ಹೊಗಳುತ್ತಿತ್ತು.

“ಹೊರಗಿನವರ ಮುಂದ ಬಾಯಿ ತೆರದ್ರ ಯಾರೋ ಒಳಗ ಕೈ ಹಾಕ್ದಂಗ ಆಗ್ತಿತ್ತು ನನಗ,” ಅಂದಳು ಅವ್ವ. “ಅದಕ್ಕೇ ನಿನ್ನ ಮುಂದ ಬಿಡ್ತಿದ್ದೆ. ನಿನಗ ಆ ಅಂಜಿಕಿ ಇರಲಿಲ್ಲ. ನಿಮ್ಮಪ್ಪನ ಹಂಗ ನೀನು.”

ಗಂಡನ ಕಡೆಗೆ ತಳ್ಳಿದ್ದ ರಕ್ತ ನನ್ನಲ್ಲಿಯೇ ಹರಿದು ಮಗಳಿಗೆ ಹೋಗಿತ್ತು. ಅವಳ ಪಾಲಿಗೆ ಎರಡೂ ಕಡೆಯಿಂದ ಬಂದಿತ್ತು. ನಾನೇ ತಿದ್ದಿಕೊಂಡೆ ಎಂದಿದ್ದ ನಾಲಗೆ? ಅದರ ಅರ್ಧವನ್ನು ಅಪ್ಪ ಕೊಟ್ಟಿದ್ದ, ಉಳಿದರ್ಧವನ್ನು ಅವ್ವನ ಅಂಜಿಕೆ ಅಂಗಡಿಗೆ ಕಳಿಸಿ ಕಳಿಸಿ ಮಾಡಿತ್ತು. ನನ್ನ ಸ್ವಂತದ್ದು ಎನ್ನಲು ಎಷ್ಟು ಉಳಿಯಿತು, ಇವತ್ತಿಗೂ ಗೊತ್ತಿಲ್ಲ.

ಈಗ ಬುದ್ಧಿ ಹೇಳದೆ ನನ್ನಿಂದ ಇರಲಾಗದು, ಕೇಳಿ. ಮರಿ ಕೊಳ್ಳುವಾಗ ತಾಯಿಯನ್ನು ನೋಡುತ್ತೀರಿ, ಸರಿ. ಅದು ಬೆಳೆದ ದೊಡ್ಡಿಯನ್ನೂ ನೋಡಿ. ಇನ್ನು ಮಕ್ಕಳ ಮುಂದೆ ಮಜಾಕು ಮಾಡುವಾಗ ನಗುವ ಮಗುವನ್ನು ನೋಡಬೇಡಿ, ನಗದ ಮಗುವನ್ನು ನೋಡಿ. ಹೆದರುವ ಮಗುವನ್ನು ಧೈರ್ಯ ಮಾಡು ಎಂದು ಗದರಿಸಬೇಡಿ, ಅದು ಗದರಿಕೆಯೊಂದನ್ನೇ ಕಲಿಯುತ್ತದೆ.

ಡಾಕ್ಟರ್ ಹೇಳಿದ್ದು ಎರಡೇ ಮಾತು: ನಾಟಕ ಬೇಡ, ಅವಸರ ಬೇಡ. ಎರಡೂ ನನ್ನ ಕಸುಬಿಗೆ ವಿರುದ್ಧ. ಅಂಗಳದಲ್ಲಿ ಕುರಿಯ ಬಾಯಿ ತೆಗೆಯುವುದನ್ನು ನಿಲ್ಲಿಸಿದೆ. ಸೌದಾ ಎಲ್ಲ ಊರಾಚೆಯ ಬೇವಿನ ಮರದ ಕೆಳಗೆ. ಗಿರಾಕಿಗಳು ಗೊಣಗಿದರು: “ಬಿಸಲಾಗ ಯಾಕ ಎಳದಾಡ್ತಿಯವ್ವ? ನಿನ್ನ ಅಂಗಳಕ್ಕ ಮಡಿ ಬಂದದೇನು?” ಬಂದಿದೆ ಅಂದೆ. ಅತ್ತೆ ತೌಡಿನ ಕಥೆ ಬಿಟ್ಟಳು. ಅದರ ಬದಲು, ಹುಟ್ಟಿದ ಕೂಡಲೇ ಇವಳು ಅತ್ತ ದನಿಗೆ ದೊಡ್ಡಿಯ ಕುರಿಗಳೆಲ್ಲ ಎದ್ದು ನಿಂತದ್ದನ್ನು ಹೇಳತೊಡಗಿದಳು. ಹಲ್ಲಿನ ಮಾತು ಯಾರೂ ಎತ್ತಲಿಲ್ಲ. ಕಲಬುರಗಿಯ ಮಾತು ನಾನು ಸಾಲಿಗೆ ಹೋಗಿ ಮಗಳ ಎದುರಿಗೇ ಮುಗಿಸಿದೆ: “ಈಕಿ ಎಲ್ಲಿಗೂ ಹೋಗಂಗಿಲ್ರಿ. ಇಲ್ಲೇ ಓದ್ತಾಳ. ಮಾತಾಡಿದ್ರೂ ಇಲ್ಲೇ, ಮಾತಾಡಲ್ದಿದ್ರೂ ಇಲ್ಲೇ.” ಟೀಚರ್ ಮೊದಲು ಮುಖ ಸಿಂಡರಿಸಿದರೂ ಆಮೇಲೆ ತಾನೇ ಒಂದು ಉಪಾಯ ಮಾಡಿದಳು. ಉತ್ತರವನ್ನು ಎಲ್ಲರ ಮುಂದೆ ಹೇಳುವುದು ಬೇಡ, ಹತ್ತಿರ ಬಂದು ಕಿವಿಯಲ್ಲಿ ಹೇಳಲಿ ಅಂದಳು. ದೀಪಾವಳಿ ಕಳೆದ ಮೇಲೆ ಒಂದು ದಿನ ಹೇಳಿ ಕಳಿಸಿದಳು: “ಮಾತಾಡ್ಯಾಳ್ರಿ. ಅಂಗೈ ಬಾಯಿಗಿ ಅಡ್ಡ ಹಿಡಕೊಂಡು. ಕೈ ತೆಗಿ ಅನ್ಲೇನು?” ಇರಲಿ ಬಿಡ್ರಿ ಅಂದೆ. ನಾವು ದೊಡ್ಡವರು ಟವೆಲ್ ಅಡ್ಡ ಹಿಡಿಯುವುದಿಲ್ಲವೇ?

ಹೋದ ವಾರ ವ್ಯಾಪಾರಿ ಹಿಂದಿನ ಸಲ ಒಯ್ದ ಕುರಿಗಳ ಹಗ್ಗ ವಾಪಸು ಕೊಡಲು ಬಂದಿದ್ದ. ಈಗ ಅವನು ಟವೆಲ್ಲನ್ನು ಮೋಟಾರ್ ಸೈಕಲ್ಲಿನ ಮೇಲೆಯೇ ಬಿಟ್ಟು ಅಂಗಳಕ್ಕೆ ಬರುತ್ತಾನೆ. ಅವನು ಬಾಗಿಲಲ್ಲಿ ನಿಂತಿದ್ದಾಗಲೇ ದೊಡ್ಡಿಯ ಕಡೆಯಿಂದ ಕೂಗು:

“ಅವ್ವಾ! ಹಲ್ಲು ಬಿತ್ತು! ಮ್ಯಾಲಿಂದು!”

ಓಡಿಬಂದವಳು ಅವನನ್ನು ಕಂಡು ಗಕ್ಕನೆ ನಿಂತಳು. ಅವನು ತಟ್ಟನೆ ತಿರುಗಿ, ಗೋಡೆಗೆ ಮುಖ ಮಾಡಿ, ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ನಿಂತುಬಿಟ್ಟ, ಕಣ್ಣಾಮುಚ್ಚಾಲೆ ಆಡುವವನ ಹಾಗೆ.

ಅವಳು ಅವನ ಬೆನ್ನನ್ನು ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ದೊಡ್ಡಿಗೆ ಹೋಗಿ ಗೋಡೆಯ ಸಂದಿನಲ್ಲಿ ಕಡ್ಡಿ ಆಡಿಸಿ, ಮಣ್ಣು ಹತ್ತಿದ ಆ ಎರಡು ಹಳೆಯ ಹಲ್ಲುಗಳನ್ನೂ ಕೆದಕಿ ತಂದಳು. ಮೂರನ್ನೂ ನನ್ನ ಅಂಗೈಗೆ ಹಾಕಿದಳು. ಅತ್ತೆ ಸೆಗಣಿ ತಂದಳು. ಒಂದೊಂದನ್ನೇ ಮುಚ್ಚಿ ಅವಳ ಕೈಗೆ ಕೊಟ್ಟೆ, ಅವಳೇ ಎಸೆದಳು. ಸೂರಿನ ತಗಡಿನ ಮೇಲೆ ಟಪ್, ಟಪ್, ಟಪ್ ಎಂದವು.

“ನಾ ಈಗ ತಿರುಗ್ಲೇನು?” ವ್ಯಾಪಾರಿ ಗೋಡೆಯನ್ನು ಕೇಳಿದ.

ಅವಳು ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದಳು. ಅದರ ಹಿಂದಿನಿಂದ, ಅವನಿಗೆ ಕೇಳುವಷ್ಟು ಜೋರಾಗಿ ಅಂದಳು:

“ಇನ್ನೂ ಬ್ಯಾಡ.”